ಚಿಗವ್ವನ ಕೊರಳಲ್ಲಿ ಮೂವರು

ಬೆಟಗೇರಿಯ ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವವರು ಯಾರೂ ಇರಲಿಲ್ಲ. ಬೀದಿ ಬಾಗಿಲು ದಾಟಿದರೆ ಪಡಸಾಲೆ, ಅದರ ಎಡಕ್ಕೆ ಉದ್ದಕ್ಕೂ ಮಗ್ಗದ ಮನೆ. ನೆಲದಲ್ಲಿ ತೋಡಿದ ಕುಣಿಗಳಲ್ಲಿ ಕಾಲು ಇಳಿಬಿಟ್ಟು ನೇಕಾರರು ಕೂತರೆಂದರೆ ಬೆಳಕು ಹರಿದಾಗ ಹಿಡಿದ ಸದ್ದು ದೀಪ ಹಚ್ಚುವ ಹೊತ್ತಿನವರೆಗೆ ಬಿಡುತ್ತಿರಲಿಲ್ಲ. ಉಪ್ಪು ಕೇಳುವುದಕ್ಕೂ ಕೂಗಬೇಕು, ದೇವರಿಗೆ ಕೈಮುಗಿದು ಬೇಡಿಕೊಳ್ಳುವುದಕ್ಕೂ ಕೂಗಬೇಕು. ಈಗಲೂ ನಾನು ಫೋನಿನಲ್ಲಿ ಮಾತಾಡಿದರೆ ಆ ಕಡೆ ಇರುವವರು ಜಗಳಕ್ಕೆ ಬಂದಳೆಂದು ತಿಳಿಯುತ್ತಾರೆ. ತಿಳಿಯಲಿ. ಪಡಸಾಲೆಯ ಹಿಂದೆ ನಡುಮನೆ, ಅದರ ಹಿಂದೆ ಅಡಿಗೆಮನೆ, ಅಡಿಗೆಮನೆಯ ಕಿಟಕಿಗೆ ಎದುರಾಗಿ ಹಿತ್ತಲಲ್ಲಿ ಬಣ್ಣದ ಕೋಣೆ. ಅಲ್ಲಿ ಕೆಂಪು ಬಣ್ಣವನ್ನು ತಾಮ್ರದ ಹಂಡೆಯಲ್ಲಿ ಕುದಿಸುತ್ತಿದ್ದರು. ನೀಲಿಗೆ ಮಾತ್ರ ಬೆಂಕಿಯಿಲ್ಲ. ಕುತ್ತಿಗೆಯವರೆಗೆ ನೆಲದಲ್ಲಿ ಹೂತ ಮಣ್ಣಿನ ದೊಡ್ಡ ಬಾನಿಯಲ್ಲಿ ಅದು ಹುಳಿಯುತ್ತ ಕೂತಿರುತ್ತಿತ್ತು. ಅದರ ನಾತಕ್ಕೆ ಉಂಡ ಅನ್ನ ಬಾಯಿಗೆ ಬರುವಂತಾಗುತ್ತಿತ್ತು. ಈ ಎಲ್ಲ ಕೋಣೆಗಳಿಗೂ, ಕೋಣೆಗಳೊಳಗಿನ ಮನುಷ್ಯರಿಗೂ ನನ್ನ ಅಪ್ಪ ಒಡೆಯ. ಅವನು ಯಾರನ್ನಾದರೂ ಹೊಡೆಯುವ ಮೊದಲು ಮಗ್ಗದ ಮನೆಯ ಬಾಗಿಲಿಗೆ ಬಂದು ಒಂದೇ ಮಾತು ಹೇಳುತ್ತಿದ್ದ.

‘ಮಗ್ಗ ನಡೀಲಿ.’

ಒಳಗಿನಿಂದ ಏನು ಕೇಳಿಸಿದರೂ ಯಾರೂ ಕೈ ನಿಲ್ಲಿಸಬಾರದು, ಕುಣಿಯಿಂದ ಏಳಬಾರದು ಎಂದು ಅದರ ಅರ್ಥ. ನೇಕಾರರು ತಲೆ ತಗ್ಗಿಸಿ ಇನ್ನಷ್ಟು ಜೋರಾಗಿ ನೇಯುತ್ತಿದ್ದರು. ಆ ಸದ್ದಿನಲ್ಲಿ ಒಳಗಿನ ಅಳು ಬೀದಿಗೆ ಹೋಗುತ್ತಿರಲಿಲ್ಲ. ಅಪ್ಪನ ಕೈಯಲ್ಲಿ ಲಾಳಿ ಇರುತ್ತಿತ್ತು. ನೂಲು ಹೊತ್ತು ಮಗ್ಗದಲ್ಲಿ ಆಚೀಚೆ ಓಡುವ ಕಟ್ಟಿಗೆಯದು, ಎರಡೂ ತುದಿಗೆ ಕಬ್ಬಿಣದ ಮೊನೆ. ನನ್ನ ಬೆನ್ನಿನ ಮೇಲೆ ಅದರ ಗುರುತು ಎರಡಿವೆ. ಒಂದು ಹಾಲು ಉಕ್ಕಿಸಿದ್ದಕ್ಕೆ. ಇನ್ನೊಂದು ಯಾಕೆಂದು ಮರೆತಿದ್ದೇನೆ, ಹೊಡೆದವನಿಗೂ ನೆನಪಿದ್ದಿರಲಾರದು. ಹರೆಯದಲ್ಲಿ ಅಪ್ಪ ಗರಡಿಯ ಪೈಲವಾನನಂತೆ, ನೋಡಲಿಕ್ಕೂ ಚೆಲುವನಂತೆ, ಗದುಗಿನ ಸಂತೆಯಲ್ಲಿ ಹೆಂಗಸರು ತಿರುಗಿ ನೋಡುತ್ತಿದ್ದರಂತೆ. ನಾನು ಕಂಡ ಅಪ್ಪ ದಪ್ಪಗಾಗಿ, ಕುಂಟುತ್ತ, ಬಲ ಮೊಣಕಾಲಿನ ಕೆಳಗೆ ಎಂದೂ ಮಾಯದ ಹುಣ್ಣು ಹೊತ್ತವನು. ಕುಸ್ತಿಯಲ್ಲಿ ಆದ ಪೆಟ್ಟು ಕೊಳೆತು ಹಾಗಾಯಿತೆಂದು ಹೇಳುತ್ತಿದ್ದರು. ಅವನು ಬಂದದ್ದು ಕಣ್ಣಿಗೆ ಕಾಣುವ ಮೊದಲು ಮೂಗಿಗೆ ತಿಳಿಯುತ್ತಿತ್ತು.

ಅವನಿಗೆ ಗಂಡುಮಗ ಬೇಕಾಗಿತ್ತು. ಅದಕ್ಕಾಗಿ ಮೂರು ಮದುವೆ ಆಗಿದ್ದವು. ಮೊದಲನೆಯವಳು ಪ್ಲೇಗಿನಲ್ಲಿ ಹೋದಳು. ಎರಡನೆಯವಳು ಅಟ್ಟದ ಏಣಿಯಿಂದ ಜಾರಿದಳು. ಮನೆಯಲ್ಲಿ ಹಾಗೆ ಹೇಳುತ್ತಿದ್ದರು, ಹೇಳುವಾಗ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮೂರನೆಯವಳು ನನ್ನ ಅವ್ವ. ನನ್ನ ಹಿಂದೆ ಒಂದು ಗಂಡು ಹೆತ್ತು, ಆ ಕೂಸಿನ ಜೊತೆಯಲ್ಲೇ ಸತ್ತಳು. ಆಗ ನಾನು ತೊಟ್ಟಿಲು ಬಿಟ್ಟವಳಷ್ಟೆ. ಅವಳ ಮುಖ ನನಗೆ ನೆನಪಿಲ್ಲ, ಫೋಟೋ ತೆಗೆಸುವ ರೂಢಿ ನಮ್ಮಲ್ಲಿರಲಿಲ್ಲ. ನನಗೆ ಗೊತ್ತಿದ್ದ ಅವ್ವ ಬೆರಳುಗುರಿನಷ್ಟು ಅಗಲದ ಒಂದು ಚಿನ್ನದ ಬಿಲ್ಲೆ. ಹೆಂಡತಿ ಸತ್ತವನನ್ನು ಮದುವೆಯಾಗಿ ಬಂದ ಹೆಣ್ಣು ಸತ್ತವಳ ಬಿಲ್ಲೆಯನ್ನು ತಾಳಿಯ ಕೆಳಗೆ ಕಟ್ಟಿಕೊಳ್ಳಬೇಕು, ಅದು ನಮ್ಮಲ್ಲಿಯ ಪದ್ಧತಿ. ಬಿಲ್ಲೆಯ ಮೇಲೆ ಕೈಮುಗಿದ ಹೆಣ್ಣಿನ ಚಿತ್ರ ಮೂಡಿಸಿರುತ್ತಾರೆ. ಸವತಿ ಬಿಲ್ಲೆ ಎನ್ನುತ್ತಾರೆ. ದಿನಾ ಉಣ್ಣುವ ಮೊದಲು ಅದಕ್ಕೆ ನೀರು ಮುಟ್ಟಿಸಿ, ಅರಿಷಿಣ ಕುಂಕುಮ ಹಚ್ಚಿ, ತಟ್ಟೆಯಲ್ಲಿದ್ದುದನ್ನು ಅದರ ಮುಂದೆ ಹಿಡಿಯಬೇಕು. ಎಡೆ ಹಿಡಿಯದೆ ಉಂಡರೆ ಸತ್ತವಳು ಸಿಟ್ಟಾಗುತ್ತಾಳೆ. ಹೊಸ ಸೀರೆಯೂ ಮೊದಲು ಅವಳಿಗೆ ಮುಟ್ಟಬೇಕು. ಗಂಡ ಬದುಕಿರುವವರೆಗೆ ಆ ಬಿಲ್ಲೆ ಕೊರಳು ಬಿಡಬಾರದು. ಕೊಂಡಿ ಮುರಿದರೆ ಅಕ್ಕಸಾಲಿಗನೇ ಮನೆಗೆ ಬಂದು, ಹಿರಿಯರ ಎದುರು ಕೂತು, ಅಲ್ಲಿಯೇ ಬೆಸೆದು ಕೊಡಬೇಕು.

ನಾಲ್ಕನೆಯವಳಾಗಿ ಚಿಗವ್ವ ಬಂದಾಗ ಅವಳ ಕೊರಳಲ್ಲಿ ಹೀಗೆ ಮೂವರು ಜೋತುಬಿದ್ದರು. ಅವಳ ಹೆಸರು ಕಸ್ತೂರಿ. ಲಕ್ಷ್ಮೇಶ್ವರದವಳು. ತಾಯಿತಂದೆ ಇಲ್ಲದೆ ಅಜ್ಜಿಯ ಮನೆಯಲ್ಲಿ, ಹತ್ತಾರು ಮಕ್ಕಳ ನಡುವೆ, ಯಾರು ಉಂಡರು ಯಾರು ಬಿಟ್ಟರು ಎಂದು ಕೇಳುವವರಿಲ್ಲದೆ ಬೆಳೆದವಳು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು ಇದ್ದಾಳು, ಅಷ್ಟೆ. ಮದುವೆಯ ಮಾರನೆಯ ದಿನ ಹಿತ್ತಲಲ್ಲಿ ನನ್ನ ಜೊತೆ ಕುಂಟಾಟ ಆಡಿ ಸೋದರತ್ತೆಯ ಕೈಯಲ್ಲಿ ಬೈಸಿಕೊಂಡಳು. ಈ ಸೋದರತ್ತೆ ಅಂದರೆ ಅಪ್ಪನ ಅಕ್ಕ, ನೀಲವ್ವತ್ತೆ; ಗಂಡ ಸತ್ತ ಮೇಲೆ ತವರಿಗೆ ಬಂದು ಬೀಗದ ಕೈಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡವಳು ಮತ್ತೆ ತೆಗೆದಿರಲಿಲ್ಲ. ಚಿಗವ್ವನಿಗೆ ಬಳೆ ಎಂದರೆ ಪ್ರಾಣ. ಬಳೆಗಾರ್ತಿ ಓಣಿಗೆ ಬಂದರೆ ಒಲೆಯ ಮೇಲಿನ ರೊಟ್ಟಿ ಕರಕಾಗಬೇಕು. ಅಪ್ಪ ಸಿಟ್ಟಿನಲ್ಲಿ ಸತ್ತ ಹೆಂಡಿರ ಹೆಸರು ಹಿಡಿದು ಅವಳನ್ನು ಕರೆಯುತ್ತಿದ್ದ. ಯಾವ ಹೆಸರು ಹಿಡಿದರೂ ಇವಳು ಎದ್ದು ಹೋಗುತ್ತಿದ್ದಳು. ಯಾಕೆ ಹೋಗುತ್ತಿ ಎಂದು ನಾನು ಕೇಳಿದರೆ ನಗುತ್ತಿದ್ದಳು.

‘ಯಾರನ್ನ ಕರದ್ರೂ ಹೋಗೂದು ನಾನಽ ಅಲ್ಲೇನ. ಅವರಂತೂ ಹೋಗಾಕಾಗೂದಿಲ್ಲ, ಆರಾಮ ಕುಂತಾರ ಇಲ್ಲೆ.’

ಹಾಗೆಂದು ಬಿಲ್ಲೆಗಳನ್ನು ಬೆರಳಿನಿಂದ ತಟ್ಟುತ್ತಿದ್ದಳು. ಮಧ್ಯಾಹ್ನದ ಊಟಕ್ಕೆ ನಾನು ಅವಳ ಎದುರಿಗೇ ಕೂಡುತ್ತಿದ್ದೆ. ಅವ್ವ ಉಣ್ಣುವುದನ್ನು ನೋಡಬೇಕಲ್ಲ. ಬೇರೆ ಮನೆಗಳಲ್ಲಿ ಎಡೆ ಹಿಡಿಯುವುದು ಬಾಯಿ ಮುಚ್ಚಿ ಮಾಡುವ ಕೆಲಸ. ಚಿಗವ್ವ ಅವರ ಜೊತೆ ಮಾತಾಡುತ್ತಿದ್ದಳು.

‘ದೊಡ್ಡಕ್ಕ, ಇವತ್ತ ನುಚ್ಚು ಮಜ್ಜಿಗಿ ಐತಿ, ಮಾರಿ ತಿರವಬ್ಯಾಡ. ನಡುವಿನಾಕಿ, ನೀ ಉಣ್ಣವಾ, ನಿನಗ ಖಾರ ಆಗೂದಿಲ್ಲ ಅಂತ ಬ್ಯಾರೆ ತಗದಿಟ್ಟೇನಿ. ಸಣ್ಣಕ್ಕ, ನೋಡು, ನಿನ್ನ ಮಗಳು ಲೀಲಿ ಇವತ್ತ ಶಾಲಿಗೆ ಹೋಗಿಲ್ಲ, ಹೊಟ್ಟಿ ನೋವು ಅಂತ ಸುಳ್ಳ ಹೇಳ್ಯಾಳ.’

ಸಣ್ಣಕ್ಕ ಎಂದರೆ ನನ್ನ ಅವ್ವ. ಆ ಬಿಲ್ಲೆಯನ್ನು ನನ್ನ ಮುಖದ ಹತ್ತಿರ ತಂದು ಹಿಡಿಯುತ್ತಿದ್ದಳು, ನಾನು ತಪ್ಪಾಯಿತು ಎನ್ನುತ್ತಿದ್ದೆ. ತಾಯಿಯ ಕೈಯಲ್ಲಿ ಬೈಸಿಕೊಳ್ಳುವ ಸುಖ ನನಗೆ ಸಿಕ್ಕದ್ದು ಹಾಗೆ. ನನ್ನ ಬಾಲ್ಯದಲ್ಲಿ ಸಂತೋಷ ಎನ್ನುವುದು ಏನಾದರೂ ಇದ್ದರೆ ಅದು ಆ ಊಟದ ಹೊತ್ತು. ಉಂಡಾದ ಮೇಲೆ ಅವಳು ಬೇವಿನ ನೀರು ಕಾಸಿಕೊಂಡು ಅಪ್ಪನ ಹುಣ್ಣು ತೊಳೆಯಲು ಹೋಗಬೇಕಿತ್ತು. ಬಟ್ಟೆ ಬಿಚ್ಚುವಾಗ ನೋವಾದರೆ ಅವನು ಇನ್ನೊಂದು ಕಾಲಿನಿಂದ ಒದೆಯುತ್ತಿದ್ದ. ಒಮ್ಮೆ ಅವಳ ಹಲ್ಲು ಮುರಿಯಿತು. ಮುರಿದ ಹಲ್ಲನ್ನು ಹಿತ್ತಲಿನಿಂದ ಮಾಳಿಗೆಯ ಮೇಲೆ ಎಸೆದು, ಹಾಲುಹಲ್ಲು ಬಿದ್ದ ಮಗುವಿನಂತೆ ನನ್ನ ಮುಂದೆ ಬಾಯಿ ತೆರೆದು ತೋರಿಸಿದಳು. ಆ ದಿನ ಮಾತ್ರ ಅವಳಿಗೆ ನಗಲಿಕ್ಕೆ ಆಗಲಿಲ್ಲ.

ವರ್ಷ ಕಳೆದರೂ ಅವಳು ಬಸುರಾಗಲಿಲ್ಲ. ನೀಲವ್ವತ್ತೆ ಒಲೆಯ ಮುಂದೆ ಕೂತು, ನಾನು ಇದ್ದೇನೆ ಎನ್ನುವುದನ್ನೂ ಲೆಕ್ಕಿಸದೆ, ಅವಳಿಗೆ ಹೇಳಿದಳು.

‘ಈ ಮನ್ಯಾಗ ಬರೇ ಕೂಳ ತಿನ್ನೋರಿಗೆ ಜಾಗಾ ಇಲ್ಲ. ಇನ್ನೊಂದ ವರ್ಷ ನೋಡತಾನ ನನ್ನ ತಮ್ಮ. ಆಮ್ಯಾಲ ನೀನೂ ಒಬ್ಬಾಕಿ ಕೊಳ್ಳಾಗ ಬಿಲ್ಲಿ ಆಗಿ ಕುಂಡ್ರತಿ.’

ಚಿಗವ್ವ ಹಿತ್ತಲಿಗೆ ಬಂದು ನನ್ನ ತಲೆ ಬಾಚುತ್ತ, ಜಡೆಯನ್ನು ನೋಯುವಷ್ಟು ಬಿಗಿದು, ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು.

‘ನಾ ಸಾಯೂದಿಲ್ಲ ಲೀಲಿ. ಏನ ಮಾಡಿದ್ರೂ ಸಾಯೂದಿಲ್ಲ. ನನ್ನ ಬಿಲ್ಲಿ ಯಾರ ಕೊಳ್ಳಾಗೂ ಬೀಳೂದಿಲ್ಲ.’

ಅವು ಸ್ವಾತಂತ್ರ್ಯ ಬಂದ ಹೊಸತರ ದಿನಗಳು. ನೂಲು ಸಿಗಬೇಕಾದರೆ ಸರಕಾರದವರ ಪರಿಚಯ ಬೇಕಾಗಿತ್ತು, ಅಪ್ಪ ಜರಿಯ ರುಮಾಲು ಬಿಟ್ಟು ಖಾದಿ ಟೊಪ್ಪಿಗೆ ಹಾಕಿದ. ಕನ್ನಡನಾಡು ಒಂದಾಗಬೇಕು, ಮುಂಬೈ ಸರಕಾರದ ಕೈಯಿಂದ ನಾವು ಬಿಡಿಸಿಕೊಳ್ಳಬೇಕು ಎಂದು ನಮ್ಮ ಪಡಸಾಲೆಯಲ್ಲಿಯೇ ಭಾಷಣಗಳು ನಡೆದವು. ಮೊದಲ ಮಗ್ಗದ ಈರಪ್ಪ ಕಾಕಾ ನಮ್ಮ ನೇಕಾರರಲ್ಲಿ ಹಿರಿಯ. ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತು ಘೋಷಣೆ ಕೂಗಿ, ದನಿ ಬಿದ್ದುಹೋಗಿ, ಆಮೇಲೆ ಒಂದು ವಾರ ಕೈಸನ್ನೆಯಲ್ಲಿ ಮಾತಾಡಿದ್ದ. ಭಾಷಣಕ್ಕೆ ಬಂದವರಿಗೆ ಅವಲಕ್ಕಿ ಹಚ್ಚಿ ಕೊಡುತ್ತಿದ್ದವಳು ಚಿಗವ್ವ. ಹಣೆಯ ಮೇಲಿನ ಪೆಟ್ಟು ಕಾಣದಂತೆ ಸೆರಗು ಮುಂದಕ್ಕೆ ಎಳೆದುಕೊಂಡಿರುತ್ತಿದ್ದಳು. ಬಿಡುಗಡೆಯ ಮಾತು ಆಡುತ್ತಿದ್ದವರು ಆ ಅವಲಕ್ಕಿಯನ್ನು ತಿಂದು ಕೈ ತೊಳೆದು ಹೋಗುತ್ತಿದ್ದರು.

ನನ್ನ ಅವ್ವನ ಬಿಲ್ಲೆ ಸವೆದಿತ್ತು. ದಿನವೂ ಅರಿಷಿಣ ತಿಕ್ಕಿ ತಿಕ್ಕಿ ಅದರ ಮೇಲಿನ ಮುಖ ನುಣ್ಣಗಾಗಿ, ಕಣ್ಣು ಮೂಗು ಏನೂ ಉಳಿದಿರಲಿಲ್ಲ. ಚಿಗವ್ವನಿಗೆ ಅದು ಮನಸ್ಸಿಗೆ ಹತ್ತಿತ್ತು. ಅಪ್ಪ ನೂಲು ತರಲು ಸೊಲ್ಲಾಪುರಕ್ಕೆ ಹೋದಾಗ ಒಂದು ಬೆಳಿಗ್ಗೆ, ಗುಡಿಗೆ ಹೋಗಿ ಬರುತ್ತೇವೆಂದು ಅತ್ತೆಗೆ ಹೇಳಿ, ನನ್ನ ಕೈ ಹಿಡಿದುಕೊಂಡು ಪತ್ತಾರ ಮೌನೇಶನ ಅಂಗಡಿಗೆ ಹೋದಳು. ಅಕ್ಕಸಾಲಿಗರಿಗೆ ನಮ್ಮಲ್ಲಿ ಪತ್ತಾರರೆನ್ನುತ್ತಾರೆ. ಮೌನೇಶ ಲಕ್ಷ್ಮೇಶ್ವರದಲ್ಲಿ ಅವಳ ಅಜ್ಜಿಯ ಪಕ್ಕದ ಮನೆಯವನು, ಹೊಸದಾಗಿ ಬೆಟಗೇರಿಗೆ ಬಂದು ಒಂದು ಗೂಡಿನಷ್ಟು ಅಂಗಡಿ ಹಾಕಿದ್ದ. ಅವಳನ್ನು ನೋಡಿ ಅವನ ಮುಖ ಅರಳಿತು, ಅವಳದೂ ಅರಳಿತು. ಸುಳ್ಳು ಯಾಕೆ ಹೇಳಲಿ. ಇಬ್ಬರೂ ಊರಿನ ಸುದ್ದಿ ಮಾತಾಡಿ ನಕ್ಕರು. ಅವಳು ದಾರ ಸಡಿಲಿಸಿ ಅವ್ವನ ಬಿಲ್ಲೆಯನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

‘ಇದಕ್ಕ ಮಾರಿ ಬೇಕು ಮೌನೇಶ. ಕಣ್ಣು ಮೂಗು ಎಲ್ಲಾ.’

‘ಯಾರ ಮಾರಿ ಹೊಡೀಲಿ? ಆಕಿನ್ನ ನಾ ನೋಡಿಲ್ಲಲ್ಲ ಕಸ್ತೂರಿ.’

‘ಈಕಿನ್ನ ನೋಡಿ ಹೊಡಿ. ಮಗಳ ಮಾರ್ಯಾಗ ತಾಯಿ ಇರತಾಳ.’

ಮೌನೇಶ ನನ್ನ ಗದ್ದ ಹಿಡಿದು ಬೆಳಕಿನ ಕಡೆಗೆ ತಿರುಗಿಸಿ ಬಹಳ ಹೊತ್ತು ನೋಡಿದ. ನಾಳೆ ಬಂದು ಒಯ್ಯಿರಿ ಎಂದ. ಅವರಿಬ್ಬರ ನಡುವೆ ಹಿಂದೆ ಏನಾದರೂ ಇತ್ತೇ ಎಂದು ನನ್ನನ್ನು ಈ ವಯಸ್ಸಿನಲ್ಲೂ ಕೇಳುವವರಿದ್ದಾರೆ. ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಹಟವೂ ಇಲ್ಲ. ಇದ್ದರೂ ಅದು ಅವಳು ನಮ್ಮ ಹೊಸ್ತಿಲು ತುಳಿಯುವ ಮುಂಚಿನ ಮಾತು. ಆ ದಿನ ಅಂಗಡಿಯಲ್ಲಿ ನಾನಿದ್ದೆ, ನಡುವೆ ಅವನ ಕುಂಪಟೆಯ ಬೆಂಕಿ ಇತ್ತು, ಬೀದಿಯಲ್ಲಿ ಊರೆಲ್ಲ ಓಡಾಡುತ್ತಿತ್ತು. ಚಿಗವ್ವನ ತಪ್ಪೆಂದರೆ ಬಿಲ್ಲೆಯನ್ನು ಕೊರಳಿನಿಂದ ಬಿಚ್ಚಿದ್ದು. ಕೆಲವರು ಇದೆಲ್ಲ ನನಗಾಗಿ ಆದದ್ದರಿಂದ ನಾನು ನೊಂದುಕೊಳ್ಳಬೇಕೆಂದು ಕಾಯುತ್ತಾರೆ. ನಾನು ನೊಂದುಕೊಳ್ಳುವುದಿಲ್ಲ. ತಾಯಿಯ ಮುಖ ನೋಡಬೇಕೆನ್ನುವುದು ಅಪರಾಧವಲ್ಲ, ತೋರಿಸಬೇಕೆನ್ನುವುದೂ ಅಲ್ಲ.

ಮಧ್ಯಾಹ್ನ ಎಡೆ ಹಿಡಿಯುವಾಗ ನೀಲವ್ವತ್ತೆಯ ಕಣ್ಣು ಅವಳ ಕೊರಳ ಮೇಲೆ ಬಿತ್ತು.

‘ಮೂರನೇದಾಕಿ ಎಲ್ಲಿ?’

‘ದಾರ ಹರದಿತ್ರಿ ಅತ್ತಿ. ಪೆಟಿಗ್ಯಾಗ ಇಟ್ಟೇನಿ.’

ಅತ್ತೆ ಎದ್ದು ಹೋಗಿ ಪೆಟ್ಟಿಗೆಯನ್ನು ತಂದು ಒಲೆಯ ಮುಂದೆ ಬೋರಲು ಹಾಕಿದಳು. ಬಳೆಗಳು ಬಿದ್ದವು, ಒಂದು ಬಾಚಣಿಗೆ ಬಿತ್ತು, ಎರಡು ಕುಪ್ಪಸ ಬಿದ್ದವು. ಚಿಗವ್ವ ಆಗ ನಿಜವನ್ನೇ ಹೇಳಿದಳು. ಆದರೆ ಒಂದು ಸುಳ್ಳಿನ ಹಿಂದೆ ಬಂದ ನಿಜಕ್ಕೆ ಆ ಮನೆಯಲ್ಲಿ ಬೆಲೆ ಇರಲಿಲ್ಲ. ಸಂಜೆ ಅಪ್ಪ ಬಂದ. ಅತ್ತೆ ಅವನ ಕಿವಿಗೆ ಹಾಕಿದಳು. ಅವನು ಕಾಲಿನ ಬಟ್ಟೆ ಬಿಚ್ಚಿಸಿಕೊಳ್ಳುವುದನ್ನೂ ಮರೆತು ಪಡಸಾಲೆಯ ನಡುವೆ ನಿಂತ. ಅವನಿಗೆ ತಿಳಿದದ್ದು ಒಂದೇ. ತನ್ನ ಹೆಂಡತಿ ತನ್ನ ಇನ್ನೊಬ್ಬ ಹೆಂಡತಿಯನ್ನು ಪರಗಂಡಸಿನ ಕೈಗೆ ಕೊಟ್ಟಿದ್ದಾಳೆ. ಇಬ್ಬರ ಮಾನವೂ ಹೋಗಿದೆ, ಅವರಿಬ್ಬರದೂ ತನ್ನದೇ ಮಾನ.

ಆಳುಗಳು ಮೌನೇಶನನ್ನು ಎಳೆದು ತಂದರು, ಜೊತೆಗೆ ಅವನು ಚಿನ್ನ ಬಡಿಯುವ ಅಡಿಗಲ್ಲನ್ನೂ ಸುತ್ತಿಗೆಯನ್ನೂ ತಂದರು. ಅವನ ಅಂಗಿಯ ಕಿಸೆಯಲ್ಲಿ ಬಿಲ್ಲೆ ಸಿಕ್ಕಿತು. ಅಪ್ಪ ಮಗ್ಗದ ಮನೆಯ ಬಾಗಿಲಿಗೆ ಹೋಗಿ ತನ್ನ ಮಾತು ಹೇಳಿ ಬಂದ. ಮೌನೇಶನ ಬಲಗೈಯನ್ನು ಅಡಿಗಲ್ಲಿನ ಮೇಲೆ ಇಡಿಸಿ, ಅವನದೇ ಸುತ್ತಿಗೆಯಿಂದ, ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಜಜ್ಜಿದ. ನಾನು ನಡುಮನೆಯ ಕಂಬ ಹಿಡಿದು ನಿಂತಿದ್ದೆ. ಮೂಳೆ ಮುರಿದ ಸದ್ದು ನನಗೆ ಕೇಳಿಸಲಿಲ್ಲ, ಮೌನೇಶನ ಬಾಯಿ ತೆರೆದದ್ದು ಕಾಣಿಸಿತು. ಲಕ್ಷ್ಮೇಶ್ವರದಲ್ಲಿ ಇಬ್ಬರಿಗೂ ಸಂಬಂಧ ಇತ್ತೇ ಎಂದು ಕೇಳಿದಾಗ ಅವನು ಹೌದೆಂದು ತಲೆಯಾಡಿಸಿದ. ಇಲ್ಲಿಯೂ ಇತ್ತೇ ಎಂದಾಗಲೂ ತಲೆಯಾಡಿಸಿದ. ಆ ಹೊತ್ತಿನಲ್ಲಿ ಏನು ಕೇಳಿದ್ದರೂ ಅವನು ತಲೆಯಾಡಿಸುತ್ತಿದ್ದ. ಅವನನ್ನು ಆ ಸಂಜೆಯೇ ಗಾಡಿಯಲ್ಲಿ ಹಾಕಿ ಊರು ಬಿಡಿಸಿದರು. ಆಮೇಲೆ ಚಿಗವ್ವನ ಸರದಿ. ಲಾಳಿಯ ಮೊನೆ ಅವಳ ಭುಜದಲ್ಲಿ ನೆಟ್ಟಿತು. ನಾನು ಅಪ್ಪನ ಕಾಲನ್ನು, ಆ ಹುಣ್ಣಿನ ಕಾಲನ್ನೇ, ಕಚ್ಚಿದೆ. ಅವನು ನನ್ನನ್ನು ಗೋಡೆಗೆ ಎಸೆದ. ಅವಳನ್ನು ಬಣ್ಣದ ಕೋಣೆಯಲ್ಲಿ ಕೂಡಿಹಾಕಿ ಬೀಗದ ಕೈಯನ್ನು ಅತ್ತೆಗೆ ಕೊಟ್ಟ.

ಮರುದಿನ ದೈವದವರು ಸೇರಿದರು. ನಮ್ಮ ಸಮಾಜದ ಹಿರಿಯರ ಸಭೆಗೆ ದೈವ ಎನ್ನುತ್ತಾರೆ. ಅದೇ ಪಡಸಾಲೆ, ಅದೇ ಜಮಖಾನ, ಭಾಷಣಕ್ಕೆ ಬಂದವರಲ್ಲೇ ಅರ್ಧ ಜನ. ಚಿಗವ್ವನನ್ನು ಕರೆತಂದು ಕಂಬದ ಹತ್ತಿರ ನಿಲ್ಲಿಸಿದರು. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವಳ ಜೀವ ಉಳಿಸುವ ಒಂದು ದಾರಿಯನ್ನು ಅವರು ಹುಡುಕಿದ್ದರು. ಹಿರಿಯನೊಬ್ಬ ಅದನ್ನು ಮೆತ್ತಗೆ ಬಿಡಿಸಿ ಹೇಳಿದ.

‘ನೋಡವಾ ತಂಗಿ, ಮದವಿಗಿಂತ ಮೊದಲ ನಿನಗೂ ಆ ಪತ್ತಾರಗೂ ಗಂಡ ಹೆಂಡಿರಂಗ ಕೂಡಿಕಿ ಆಗಿತ್ತು ಅಂತ ಒಂದ ಮಾತ ಒಪ್ಪಿಬಿಡು. ಹಂಗಾದ್ರ ಈ ಮದವಿನಽ ಖರೆ ಅಲ್ಲ. ನಾವು ಬಿಡುಗಡಿ ಮಾಡಿಸಿ ನಿನ್ನ ಅಜ್ಜಿ ಮನಿಗೆ ಮುಟ್ಟಸ್ತೀವಿ. ಯಾರೂ ನಿನ್ನ ಮುಟ್ಟೂದಿಲ್ಲ.’

ಪಡಸಾಲೆಯಲ್ಲಿ ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಹೂಂ ಎನ್ನು, ಹೂಂ ಎನ್ನು ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ. ಅವಳ ತುಟಿ ಒಡೆದು ಊದಿಕೊಂಡಿತ್ತು, ಮಾತು ತೊದಲುತ್ತಿತ್ತು.

‘ಹೂಂ ಅಂದ್ರ ಅವನ್ನ ಜೀವಂತ ಬಿಡತೀರೇನ್ರಿ? ಕೈ ಹೋಗೇತಿ ಅವಂದು. ನಾ ಹೂಂ ಅಂದ್ರ ಜೀವಾನೂ ಹೋಕ್ಕೇತಿ.’

‘ಅವನ ಚಿಂತಿ ನಿನಗ್ಯಾಕವಾ?’

‘ಆಗಿಲ್ಲದ್ದು ಆಗೇತಿ ಅಂತ ನಾ ಹೆಂಗ ಅನ್ಲಿ? ಲೀಲಿ ಆಕಿ ಅವ್ವನ ಮಾರಿ ನೋಡಿಲ್ರಿ. ತಿದ್ದಿಸಾಕ ಕೊಟ್ಟಿದ್ದೆ. ಅಷ್ಟಽ.’

ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಹಾಗಿದ್ದರೆ ಮದುವೆ ಮದುವೆಯೇ, ಹೆಂಡತಿ ಹೆಂಡತಿಯೇ, ಇದು ಮನೆಯೊಳಗಿನ ವಿಚಾರ, ಧಣಿಗಳೇ ನೋಡಿಕೊಳ್ಳಲಿ ಎಂದು ಎದ್ದರು. ನಾಲ್ಕು ಜನರ ಮುಂದೆ ಅವಳನ್ನು ನಿರಪರಾಧಿ ಮಾಡಿ, ಅದೇ ಕಾರಣಕ್ಕೆ ಅವನ ಕೈಗೆ ಒಪ್ಪಿಸಿ ಹೋದರು. ನನಗೆ ನ್ಯಾಯ ಎನ್ನುವ ಶಬ್ದ ಕೇಳಿದರೆ ಈಗಲೂ ಆ ಜಮಖಾನ ಝಾಡಿಸಿದ ಧೂಳು ನೆನಪಾಗುತ್ತದೆ.

ಮಾರನೆಯ ಬೆಳಿಗ್ಗೆ, ಬಿಸಿಲು ಹಿತ್ತಲಿಗೆ ಇಳಿದಿತ್ತು. ಅತ್ತೆ ಬಣ್ಣದ ಕೋಣೆಯ ಬೀಗ ತೆಗೆದಳು. ನಾನು ಒಂದು ರೊಟ್ಟಿಯನ್ನು ಲಂಗದೊಳಗೆ ಮುಚ್ಚಿಟ್ಟುಕೊಂಡು ಅಡಿಗೆಮನೆಯ ಕಟ್ಟೆ ಹತ್ತಿ ಕಿಟಕಿಯಲ್ಲಿ ಕಾಯುತ್ತಿದ್ದೆ. ಅಪ್ಪ ಕುಂಟುತ್ತ ಮಗ್ಗದ ಮನೆಯ ಬಾಗಿಲಿಗೆ ಹೋದದ್ದು ಕೇಳಿಸಿತು.

‘ಮಗ್ಗ ನಡೀಲಿ.’

ಆಮೇಲೆ ಅವನು ಹಿತ್ತಲು ದಾಟಿ ಕೋಣೆಯೊಳಗೆ ಹೋದ. ಬಾಗಿಲು ಮುಚ್ಚಲಿಲ್ಲ, ಮುಚ್ಚುವ ಅಗತ್ಯ ಅವನಿಗೆ ಕಾಣಲಿಲ್ಲ. ಚಿಗವ್ವ ಗೋಡೆಗೆ ಒರಗಿ ಕೂತವಳು ಎದ್ದು ನಿಂತಳು. ಅವನು ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ನೀಲಿಯ ಬಾನಿಯ ಕಡೆಗೆ ಎಳೆದ. ಅವಳು ಬಾನಿಯ ಬಾಯನ್ನು ಎರಡೂ ಕೈಯಿಂದ ಹಿಡಿದಳು, ಬಳೆಗಳು ಒಡೆದವು. ಅವನು ಮೊಣಕಾಲನ್ನು ಅವಳ ಬೆನ್ನಿನ ಮೇಲೆ ಊರಿ ತಲೆಯನ್ನು ಒಳಗೆ ಒತ್ತಿದ. ನಾನು ಕೂಗಿದೆ. ಗಂಟಲು ಹರಿಯುವಷ್ಟು ಕೂಗಿದೆ. ಮಗ್ಗಗಳು ನಡೆದೇ ಇದ್ದವು. ಅವಳ ಹಿಮ್ಮಡಿಗಳು ನೆಲವನ್ನು ಒದ್ದವು, ಒದ್ದವು, ಒಂದು ಕಾಲುಂಗುರ ಕಳಚಿ ಹೊಸ್ತಿಲಿನವರೆಗೆ ಉರುಳಿ ಬಂತು. ಒಮ್ಮೆ ಅವಳು ತಲೆ ಎತ್ತಿದಳು. ಮುಖ ಪೂರ್ತಿ ನೀಲಿ, ತೆರೆದ ಬಾಯಿಯೊಳಗೂ ನೀಲಿ. ಅವನು ಮತ್ತೆ ಒತ್ತಿದ, ಈ ಸಲ ಇಡೀ ಮೈಯ ಭಾರ ಹಾಕಿ. ಕಾಲುಗಳು ಸುಮ್ಮನಾದ ಮೇಲೂ ಬಹಳ ಹೊತ್ತು ಅವನು ಏಳಲಿಲ್ಲ. ನೀಲವ್ವತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳೇ ಅವನಿಗೆ ಕೈ ತೊಳೆಯಲು ನೀರು ಹಾಕಿದಳು.

ಚಿಗವ್ವ ಬಣ್ಣದ ಕೋಣೆಯಲ್ಲಿ ಕಾಲು ಜಾರಿ ಬಾನಿಗೆ ಬಿದ್ದಳು. ಹಾಗೆಂದು ಊರಿಗೆ ಹೇಳಿದರು. ಓಣಿಯ ಹೆಂಗಸರು ಅವಳನ್ನು ಹಿತ್ತಲಲ್ಲಿ ಕೂಡಿಸಿ ಮೈ ತೊಳೆದರು. ಸೀಗೆಪುಡಿ ಹಾಕಿ ತಿಕ್ಕಿದರು, ಮುಖದ ಬಣ್ಣ ಹೋಗಲಿಲ್ಲ. ಮುತ್ತೈದೆಯಾಗಿ ಸತ್ತವಳು, ಮುಖಕ್ಕೆ ಅರಿಷಿಣ ಹಚ್ಚಲೇಬೇಕು. ಹಚ್ಚಿದರು. ನೀಲಿಯ ಮೇಲೆ ಅರಿಷಿಣ ಕೂತರೆ ಹಸಿರಾಗುತ್ತದೆಂದು ನೇಕಾರರ ಮನೆಯ ಸಣ್ಣ ಕೂಸಿಗೂ ಗೊತ್ತು. ಕೈಯಿಟ್ಟಲ್ಲೆಲ್ಲ ಅವಳ ಮುಖ ಹಸಿರಾಗುತ್ತ ಹೋಯಿತು. ಒಬ್ಬಳು ಅರಿಷಿಣದ ಬಟ್ಟಲು ಕೆಳಗಿಟ್ಟು ಅಳತೊಡಗಿದಳು. ಇನ್ನೂ ಹಚ್ಚು ಎಂದು ಅತ್ತೆ ಅವಳನ್ನು ಗದರಿದಳು. ಆ ಹಸಿರು ಮುಖಕ್ಕೆ ಕುಂಕುಮ ಇಟ್ಟು ಅವಳನ್ನು ಒಯ್ದರು. ಅಪ್ಪನ ಎರಡೂ ಕೈ ಮೊಣಕೈಯವರೆಗೆ ನೀಲಿಯಾಗಿದ್ದವು, ಎಷ್ಟೋ ದಿನ ಹಾಗೆಯೇ ಇದ್ದವು. ಅವನು ಎಂದೂ ಬಣ್ಣದ ಕೆಲಸಕ್ಕೆ ಕೈ ಹಾಕಿದವನಲ್ಲ. ಮಾತಾಡಿಸಲು ಬಂದವರಿಗೆ ಆ ಕೈಗಳಿಂದಲೇ ನಮಸ್ಕಾರ ಮಾಡುತ್ತಿದ್ದ, ಅವರು ತಿರುಗಿ ಮಾಡುತ್ತಿದ್ದರು.

ಫೌಜದಾರ ಬಂದ. ಮಗ್ಗದ ಮನೆಯಲ್ಲಿ ನೇಕಾರರನ್ನು ಸಾಲಾಗಿ ನಿಲ್ಲಿಸಿ, ಕೂಗೇನಾದರೂ ಕೇಳಿಸಿತೇ ಎಂದು ಕೇಳಿದ. ಎಲ್ಲರ ಪರವಾಗಿ ಈರಪ್ಪ ಕಾಕಾ ಉತ್ತರ ಕೊಟ್ಟ.

‘ಮಗ್ಗ ನಡದಿದ್ವುರಿ ಸಾಹೇಬ್ರ. ನಮಗೇನೂ ಕೇಳಿಸಿಲ್ಲ.’

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮೆರವಣಿಗೆಯಲ್ಲಿ ಗಂಟಲು ಕಳೆದುಕೊಂಡ ಮನುಷ್ಯ ಇಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ನೋಡಿದೆ. ಫೌಜದಾರ ಮಕ್ಕಳನ್ನು ಏನೂ ಕೇಳಲಿಲ್ಲ. ನಮ್ಮ ಪಡಸಾಲೆಯಲ್ಲಿಯೇ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಹೋದ.

ಕೆಲವು ತಿಂಗಳಿಗೆ ಅಪ್ಪನಿಗೆ ಮುಂಡರಗಿಯಿಂದ ಒಂದು ಸಂಬಂಧ ಬಂತು. ಹೆಣ್ಣಿನ ತಂದೆಯೂ ಸೋದರಮಾವನೂ ಮನೆ ನೋಡಲು ಬಂದರು. ಪದ್ಧತಿಯಂತೆ ಅತ್ತೆ ಬಿಲ್ಲೆಗಳನ್ನು ತಟ್ಟೆಯಲ್ಲಿಟ್ಟು ಅವರ ಮುಂದೆ ತಂದಳು. ಮಗಳು ಯಾರನ್ನೆಲ್ಲ ಹೊರಬೇಕು ಎಂದು ಹೆಣ್ಣಿನವರು ನೋಡಿ ಒಪ್ಪಬೇಕು. ತಟ್ಟೆಯಲ್ಲಿ ನಾಲ್ಕಿದ್ದವು. ದೆವ್ವವಾಗಿ ಕಾಡಬಾರದೆಂದು ಚಿಗವ್ವನದನ್ನೂ ಹೊಸದಾಗಿ ಮಾಡಿಸಿದ್ದರು. ಹೊಸ ಚಿನ್ನ ಉಳಿದವುಗಳಿಗಿಂತ ಹೊಳೆಯುತ್ತಿತ್ತು. ಹೆಣ್ಣಿನ ತಂದೆ ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಹೊಳೆಯುವ ಬಿಲ್ಲೆಯನ್ನು ಬೆರಳಿನಿಂದ ಸರಿಸಿ ಕೇಳಿದ.

‘ಈ ಹೆಣ್ಮಗಳು ಹೆಂಗ ತೀರಿಕೊಂಡ್ಲರಿ?’

‘ಕಾಲ ಜಾರಿ ಬಾನ್ಯಾಗ ಬಿದ್ಲು, ಪಾಪ,’ ಎಂದಳು ಅತ್ತೆ.

ನಾನು ನೀರಿನ ತಂಬಿಗೆ ಹಿಡಿದು ಅಲ್ಲಿಯೇ ನಿಂತಿದ್ದೆ. ಹೇಳಬೇಕೆಂದು ಮೊದಲೇ ಯೋಚಿಸಿದ್ದೆನೆಂದರೆ ಸುಳ್ಳಾಗುತ್ತದೆ. ನಮ್ಮ ಮನೆಯ ರೂಢಿಯಂತೆ ಗಟ್ಟಿಯಾಗಿ ಹೇಳಿದೆ.

‘ಜಾರಿ ಬಿದ್ದಿಲ್ರಿ. ನಮ್ಮಪ್ಪ ತಲಿ ಹಿಡದು ಮುಳುಗಿಸಿ ಕೊಂದಾನ.’

ಹೆಣ್ಣಿನ ತಂದೆ ನನ್ನ ಕಡೆ ತಿರುಗಿದ.

‘ನೀ ನೋಡಿಯೇನವಾ?’

‘ನೋಡೇನ್ರಿ. ಅಡಗಿಮನಿ ಕಿಟಕ್ಯಾಗಿಂದ.’

ಅವನು ಅಪ್ಪನ ಕೈಗಳನ್ನು ಒಮ್ಮೆ ನೋಡಿದ. ಮುಂದಿಟ್ಟ ಚಹಾ ಮುಟ್ಟದೆ ಎದ್ದು, ಮೆಟ್ಟು ಮೆಟ್ಟಿಕೊಂಡು, ಭಾವನನ್ನು ಕರೆದುಕೊಂಡು ಹೊರಟುಹೋದ. ಆಮೇಲೆ ಅಪ್ಪ ನನ್ನ ಎಡಗಿವಿಗೆ ಹೊಡೆದ ಏಟಿಗೆ ಒಳಗಿನಿಂದ ರಕ್ತ ಬಂತು. ಆ ಕಿವಿ ಮತ್ತೆ ಕೇಳಲಿಲ್ಲ. ಅವನು ನನ್ನನ್ನೂ ಕೊಲ್ಲುತ್ತಿದ್ದನೇನೋ, ಆದರೆ ಅಷ್ಟರಲ್ಲಿ ಮಾತು ಬೀದಿ ಮುಟ್ಟಿತ್ತು, ಮುಂಡರಗಿ ಮುಟ್ಟಿತು, ಗದಗ ಲಕ್ಷ್ಮೇಶ್ವರ ಶಿರಹಟ್ಟಿ ಎಲ್ಲ ಮುಟ್ಟಿತು. ಯಾರೂ ಅವನನ್ನು ಹಿಡಿಯಲಿಲ್ಲ, ಜೈಲಿಗೆ ಹಾಕಲಿಲ್ಲ. ಆದರೆ ನಮ್ಮ ಮನೆಗೆ ಹೆಣ್ಣು ಕೊಡುವವರು ಮುಗಿದರು. ಗಂಡುಮಗನಿಲ್ಲದೆ, ಹುಣ್ಣು ತೊಳೆಯುವವರಿಲ್ಲದೆ, ಅಕ್ಕನ ಕೈಯ ಕೂಳು ತಿನ್ನುತ್ತ ಅವನು ಕೊಳೆತು ಸತ್ತ. ನಾನು ಅವನಿಗಾಗಿ ಅಳಲಿಲ್ಲ.

ನನಗೆ ಮಕ್ಕಳಾಗಿ ದೊಡ್ಡವರಾದ ಮೇಲೆ, ಮುಂಡರಗಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಪಂಕ್ತಿಯಲ್ಲಿ ಕೂತಾಗ ಪಕ್ಕದವಳು ಹೋಳಿಗೆ ಬಡಿಸುತ್ತ ಬರುತ್ತಿದ್ದ ಒಬ್ಬ ಹೆಂಗಸನ್ನು ತೋರಿಸಿ, ಇವಳನ್ನೇ ಒಮ್ಮೆ ಬೆಟಗೇರಿಯ ಆ ಕೊಲೆಗಡುಕನಿಗೆ ಕೊಡಬೇಕೆಂದು ಮಾಡಿದ್ದರು, ತಪ್ಪಿತು ನೋಡಿರಿ ಎಂದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಆ ಹೆಂಗಸು ದಪ್ಪಗಿದ್ದಳು, ತಲೆಗೂದಲು ಬೆಳ್ಳಗಾಗಿತ್ತು, ಹಿಂದೆ ತುಪ್ಪದ ಗಿಂಡಿ ಹಿಡಿದು ಬರುತ್ತಿದ್ದ ಗಂಡನನ್ನು ನಿಧಾನ ಆಯಿತೆಂದು ಎಲ್ಲರ ಎದುರು ಬೈಯುತ್ತಿದ್ದಳು. ಸೊಂಟದ ಮೇಲೆ ಮೊಮ್ಮಗು ಇತ್ತು. ನನ್ನ ಎಲೆಯ ಮುಂದೆ ಬಂದು ನಿಂತಳು.

‘ಇನ್ನೊಂದ ಹಾಕ್ಲೇನ್ರಿ ಅಕ್ಕಾರ?’

ಹೊಟ್ಟೆ ತುಂಬಿತ್ತು. ಹಾಕವಾ ಎಂದೆ.